ಹದಿಹರೆಯದವರಿಗೆ ಬುದ್ಧಿ ಹೇಳುವ ಮೊದಲು ಹೊತ್ತು ನೋಡಿ

ಹೈಸ್ಕೂಲಿನ ಪಾಲಕರ ಸಭೆಗೆ ಬಂದವರ ಬಾಯಲ್ಲಿ ಹೆಚ್ಚಾಗಿ ಎರಡೇ ಮಾತು. "ಮೊದಲ ಹಿಂಗಿರಲಿಲ್ರೀ ಇಂವ" ಅನ್ನೋದು ಒಂದು. "ನೀವರ ಸ್ವಲ್ಪ ಬುದ್ಧಿ ಹೇಳ್ರಿ ಅಕ್ಕೋರ" ಅನ್ನೋದು ಇನ್ನೊಂದು. ಹುಡುಗ ಪಕ್ಕದಲ್ಲೇ ನೆಲ ನೋಡುತ್ತ ನಿಂತಿರುತ್ತಾನೆ. ಕಿಟಕಿಯಾಚೆ ಅವನ ಗೆಳೆಯರು ಇಣುಕುತ್ತಿರುತ್ತಾರೆ. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಒಂದಕ್ಷರ ಒಳಗೆ ಇಳಿಯುವುದಿಲ್ಲ. ಅದಕ್ಕೆ ನಾನು ಆ ಕೆಲಸಕ್ಕೆ ಹೋಗುವುದೇ ಇಲ್ಲ. "ಆಮ್ಯಾಲೆ ಮಾತಾಡ್ತೀನಿ ಬಿಡ್ರಿ" ಎಂದು ಪಾಲಕರನ್ನು ಕಳಿಸಿಬಿಡುತ್ತೇನೆ.

ನಾನು ಕಲಿಸುವುದು ಬಾಗಲಕೋಟೆ ಜಿಲ್ಲೆಯಲ್ಲಿ, ಬನಹಟ್ಟಿ–ಜಮಖಂಡಿ ಕಡೆ. ನಮ್ಮ ಮಕ್ಕಳ ಮನೆಗಳಲ್ಲಿ ಒಂದೋ ಮಗ್ಗ ಇರುತ್ತದೆ, ಇಲ್ಲವೇ ಕಬ್ಬಿನ ಹೊಲ, ಇಲ್ಲವೇ ಎರಡೂ ಕಡೆ ಕೂಲಿಗೆ ಹೋಗುವ ಅಪ್ಪ–ಅವ್ವ. ಮಕ್ಕಳ ಮನಸ್ಸಿನ ಬಗ್ಗೆ ಬರುವ ಲೇಖನಗಳಲ್ಲಿ "ಮಗುವಿನ ಕೋಣೆಯ ಬಾಗಿಲು ಬಡಿದು ಒಳಗೆ ಹೋಗಿ" ಎಂಬ ಸಲಹೆ ಇರುತ್ತದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಬೇರೆ ಕೋಣೆ ಇದೆ? ಎರಡು ಖೋಲಿ, ಪಡಸಾಲೆ, ಆರೇಳು ಮಂದಿ. ಆ ಮನೆಯಲ್ಲಿ ಹದಿನಾಲ್ಕು, ಹದಿನೈದರ ಮಗನನ್ನೋ ಮಗಳನ್ನೋ ಅರ್ಥ ಮಾಡಿಕೊಳ್ಳುವುದು ಹೇಗೆ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ತಲೆ, ಎರಡು ಥರ

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ಕಾಲವನ್ನು ಹದಿಹರೆಯ ಎಂದು ಲೆಕ್ಕ ಹಿಡಿಯುತ್ತದೆ. ಈ ಕಾಲದಲ್ಲಿ ಮೆದುಳಿನ ಎಲ್ಲ ಭಾಗವೂ ಒಂದೇ ಸಮ ಬೆಳೆಯುವುದಿಲ್ಲ. ಖುಷಿ, ಸಿಟ್ಟು, ಹೆದರಿಕೆ, ಹೊಸದರ ಆಸೆ ಇವನ್ನು ನೋಡಿಕೊಳ್ಳುವ ಒಳಭಾಗ, ಮೈ ಬೆಳೆಯಲು ಶುರುವಾಗುತ್ತಲೇ ಚುರುಕಾಗುತ್ತದೆ. "ತಡಿ, ಮುಂದೇನಾಗುತ್ತೆ ನೋಡು" ಎಂದು ಹಿಡಿದು ನಿಲ್ಲಿಸುವ ಭಾಗ ಹಣೆಯ ಹಿಂದೆ ಇದೆ. ಅದು ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಆಗಬೇಕು.

ಇಷ್ಟು ಕೇಳಿದ ಕೂಡಲೇ "ಹಂಗಾದ್ರ ಇವಕ್ಕ ಬುದ್ಧೀನ ಇರಂಗಿಲ್ಲ ಅಂತಾತು" ಅನ್ನುವವರು ಜಾಸ್ತಿ. ಹಾಗಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಅವರ ಜೊತೆಗಾರರು ಹಲವು ಅಧ್ಯಯನಗಳಲ್ಲಿ ತೋರಿಸಿರುವ ವಿಷಯ ಬೇರೆ. ಅವಸರವಿಲ್ಲದೆ, ಒಬ್ಬರೇ ತಣ್ಣಗೆ ಕೂತು ಯೋಚಿಸುವಾಗ 16ರ ಹುಡುಗ ದೊಡ್ಡವರಿಗೆ ಹೆಚ್ಚುಕಡಿಮೆ ಸಮ. ಸಿಟ್ಟು, ಅವಮಾನ, ಗೆಳೆಯರ ಗದ್ದಲ ಇವುಗಳ ನಡುವೆ ಯೋಚಿಸಬೇಕಾಗಿ ಬಂದಾಗ ಮಾತ್ರ ಅವನು ಹಿಂದೆ ಬೀಳುತ್ತಾನೆ.

ಹಾಗಾಗಿ "ಇವನಿಗೆ ಏನೂ ತಿಳಿಯಂಗಿಲ್ಲ" ಅನ್ನುವ ಅವ್ವನ ಮಾತೂ ಅರ್ಧ ಸರಿ. "ಎಲ್ಲಾ ತಿಳಿತೈತಿ, ಬೇಕಂತ ಮಾಡ್ತಾನ" ಅನ್ನುವ ಅಪ್ಪನ ಮಾತೂ ಅರ್ಧ ಸರಿ. ತಲೆ ತಣ್ಣಗಿದ್ದಾಗ ತಿಳಿಯುತ್ತದೆ. ತಲೆ ಬಿಸಿಯಾದಾಗ ತಿಳಿದದ್ದು ಕೈಗೆ ಸಿಗುವುದಿಲ್ಲ. ನಾವು ಬುದ್ಧಿ ಹೇಳುವುದು ಮಾತ್ರ ಯಾವಾಗಲೂ ಬಿಸಿ ಇದ್ದಾಗಲೇ, ಅಲ್ವಾ? ಬೈಗುಳದ ಜೋರು ಹೆಚ್ಚಿಸುವುದಕ್ಕಿಂತ ಮಾತಿನ ಹೊತ್ತು, ಜಾಗ, ಎದುರಿಗಿರುವ ಮಂದಿ ಇವನ್ನು ಬದಲಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮುಂದೆ ಹೇಳುವುದೆಲ್ಲ ಅದನ್ನು ಹೇಗೆ ಮಾಡುವುದು ಅಂತಲೇ.

ಮೊದಲು ಒಂದು ವಾರ ಸುಮ್ನೆ ನೋಡಿ

ಏನೂ ಬದಲಿಸಬೇಡಿ. ಮಗ ಅಥವಾ ಮಗಳು ಯಾವಾಗ ಸಿಡುಕುತ್ತಾರೆ ಎಂದು ಗಮನಿಸಿ. ಕ್ಯಾಲೆಂಡರಿನ ಹಾಳೆಯ ಮೇಲೆ ಒಂದು ಗುರುತು ಹಾಕಿದರೂ ಸಾಕು. ಎಷ್ಟು ಹೊತ್ತಿಗೆ ಸಿಟ್ಟು ಬಂತು, ಊಟ ಆಗಿತ್ತೋ ಇಲ್ಲವೋ, ಹಿಂದಿನ ರಾತ್ರಿ ಎಷ್ಟಕ್ಕೆ ಮಲಗಿದ್ದರು, ಪಕ್ಕದಲ್ಲಿ ಯಾರಿದ್ದರು.

ಈ ನಾಲ್ಕನ್ನು ನೋಡಿದ ಬಹಳಷ್ಟು ಮನೆಗಳಲ್ಲಿ ಜಗಳಗಳು ದಿನವಿಡೀ ಹರಡಿರುವುದಿಲ್ಲ. ಒಂದೆರಡು ಹೊತ್ತಿಗೆ ಬಂದು ನಿಂತಿರುತ್ತವೆ. ಶಾಲೆ ಬಿಟ್ಟು ಮನೆಗೆ ಬಂದ ಮೊದಲ ಅರ್ಧ ತಾಸು ಅದರಲ್ಲಿ ಒಂದು. ಮಧ್ಯಾಹ್ನ ಬಿಸಿಯೂಟ ಉಂಡು ಸಂಜೆ ಐದಕ್ಕೆ ಮನೆ ಮುಟ್ಟಿದ ಹುಡುಗನಿಗೆ ಹಸಿವು. ಬಾಗಿಲಲ್ಲೇ "ಟೆಸ್ಟ್ ಪೇಪರ್ ಕೊಟ್ರೇನು?" ಎಂಬ ಪ್ರಶ್ನೆ. ಅಲ್ಲಿಂದ ಶುರು. ಆ ಪ್ರಶ್ನೆಯನ್ನು ಒಂದು ರೊಟ್ಟಿ, ಸ್ವಲ್ಪ ಶೇಂಗಾ ಹಿಂಡಿ ತಿಂದು ಮುಗಿಯುವವರೆಗೆ ತಡೆದುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನಿದ್ದೆಯ ಲೆಕ್ಕ ಹಾಕಿ

ನಮ್ಮ ಭಾಗದಲ್ಲಿ ಹತ್ತನೇ ತರಗತಿ ಅಂದರೆ ನಸುಕಿನ ಓದು. ನಾಲ್ಕೂವರೆಗೆ ಎಬ್ಬಿಸುವುದು, ಚಹಾ ಕೊಟ್ಟು ಕೂಡ್ರಿಸುವುದು, ಆರಕ್ಕೆ ಟ್ಯೂಷನ್. ಬೆಳಗ್ಗೆ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ ನಮಗೆಲ್ಲ ಗಟ್ಟಿ. ರೈತರ ಮನೆಯಲ್ಲಿ, ನೇಕಾರರ ಮನೆಯಲ್ಲಿ ಹೊತ್ತು ಹುಟ್ಟುವ ಮೊದಲು ಏಳುವುದು ರೂಢಿ. ಏಳದವನು ಸೋಮಾರಿ.

ಆದರೆ ಹದಿಹರೆಯ ಶುರುವಾದ ಮೇಲೆ ಮೈಯೊಳಗಿನ ಗಡಿಯಾರವೇ ಹಿಂದೆ ಸರಿಯುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನು ಸಣ್ಣ ಮಕ್ಕಳಿಗಿಂತ ಒಂದೆರಡು ತಾಸು ತಡವಾಗಿ ಏರತೊಡಗುತ್ತದೆ. ಹತ್ತನೇ ವಯಸ್ಸಿನಲ್ಲಿ ಎಂಟೂವರೆಗೆ ತೂಕಡಿಸುತ್ತಿದ್ದ ಮಗನಿಗೆ ಈಗ ಹನ್ನೊಂದಾದರೂ ಕಣ್ಣು ಹತ್ತುವುದಿಲ್ಲ. ಇದರಲ್ಲಿ ಮೊಬೈಲಿನ ಪಾಲೂ ಇದೆ, ಆದರೆ ಮೊಬೈಲೇ ಇಲ್ಲದ ಮನೆಯಲ್ಲೂ ಹೀಗಾಗುತ್ತದೆ. 13ರಿಂದ 18 ವರ್ಷದವರಿಗೆ ಬೇಕಾದ ನಿದ್ದೆ 8ರಿಂದ 10 ತಾಸು. ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಎದ್ದರೆ ಸಿಕ್ಕದ್ದು ಐದೂವರೆ. ವಾರಪೂರ್ತಿ ಹೀಗೇ ನಡೆದರೆ ಸಿಡುಕು, ಮರೆವು, ಕ್ಲಾಸಿನಲ್ಲಿ ತೂಕಡಿಕೆ ಬಾರದೇ ಇರುತ್ತವೆಯೇ? ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ನಿದ್ದೆ ಕಡಿದು ಓದಿಸುವುದು ಲಾಭದ ವ್ಯವಹಾರ ಅಲ್ಲ.

ಮಾಡಬೇಕಾದದ್ದು ಇಷ್ಟು. ಏಳುವ ಹೊತ್ತನ್ನು ಮೊದಲು ನಿಗದಿ ಮಾಡಿ, ಅಲ್ಲಿಂದ ಎಂಟು ತಾಸು ಹಿಂದಕ್ಕೆ ಎಣಿಸಿ. ನಸುಕಿನ ಟ್ಯೂಷನ್ ತಪ್ಪಿಸಲು ಆಗದಿದ್ದರೆ ರಾತ್ರಿಯ ಓದನ್ನು ಬಿಡಿಸಿ, ಎರಡೂ ಬೇಡ. ಮಲಗುವುದಕ್ಕೆ ಒಂದು ತಾಸು ಮೊದಲು ಮನೆಯ ಎಲ್ಲರ ಮೊಬೈಲೂ ಒಂದು ಕಡೆ ಇರಲಿ, ಅಪ್ಪನದೂ. ಪಕ್ಕದ ಮನೆಯಲ್ಲಿ ಪವರ್‌ಲೂಮ್ ರಾತ್ರಿ ಹತ್ತರವರೆಗೆ ಓಡುತ್ತದೆ ಅಂದರೆ ಹಾಸಿಗೆಯನ್ನು ಆ ಗೋಡೆಯಿಂದ ಸರಿಸಿ. ರವಿವಾರ ಒಂದೆರಡು ತಾಸು ಹೆಚ್ಚು ಮಲಗಿದರೆ ಎಬ್ಬಿಸಬೇಡಿ. ನೀರು ಎರಚಿ ಎಬ್ಬಿಸುವುದಂತೂ ಬೇಡವೇ ಬೇಡ, ಅದನ್ನು ತಮಾಷೆ ಅಂದುಕೊಂಡವರು ನೀವೊಬ್ಬರೇ.

ಯಾರ ಮುಂದೆ ಎಂಬುದನ್ನು ನೋಡಿ

ಈ ವಯಸ್ಸಿನವರ ಯೋಚನೆಯನ್ನು ಎಲ್ಲಕ್ಕಿಂತ ಹೆಚ್ಚು ತಿರುಗಿಸುವುದು ಇದೇ. ಯಾರು ನೋಡುತ್ತಿದ್ದಾರೆ?

1967ರಲ್ಲಿ ಡೇವಿಡ್ ಎಲ್ಕೈಂಡ್ ಎಂಬ ಮನಃಶಾಸ್ತ್ರಜ್ಞರು ಒಂದು ವಿಷಯವನ್ನು ವಿವರಿಸಿದರು. ಹದಿಹರೆಯದವರಿಗೆ ತಮ್ಮನ್ನು ಎಲ್ಲರೂ ಸದಾ ನೋಡುತ್ತಿದ್ದಾರೆ ಅನಿಸುತ್ತಿರುತ್ತದೆ. ಇಲ್ಲದ ಪ್ರೇಕ್ಷಕರು ಅವರ ತಲೆಯಲ್ಲಿ ಕೂತಿರುತ್ತಾರೆ. ಮೂಗಿನ ಮೇಲೆ ಒಂದು ಮೊಡವೆ ಎದ್ದರೆ ಹುಡುಗಿ ಶಾಲೆಗೆ ಬರಲು ಒಲ್ಲೆ ಎನ್ನುತ್ತಾಳೆ. ಕ್ಷೌರದ ಅಂಗಡಿಯಲ್ಲಿ ಒಂದು ಕಡೆ ಸ್ವಲ್ಪ ಹೆಚ್ಚು ಕತ್ತರಿಸಿದರೆ ಹುಡುಗ ಎರಡು ದಿನ ಟೋಪಿ ತೆಗೆಯುವುದಿಲ್ಲ. ನಮಗೆ ಅದು ಸಣ್ಣ ವಿಷಯ. ಅವನ ಲೆಕ್ಕದಲ್ಲಿ ಇಡೀ ಊರು ಅವನ ತಲೆಯನ್ನೇ ನೋಡುತ್ತಿದೆ.

ನಿಜವಾದ ಪ್ರೇಕ್ಷಕರು ಸೇರಿದರೆ ಇನ್ನೂ ಕಷ್ಟ. 2005ರಲ್ಲಿ ಮಾರ್ಗೋ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬೀಳುತ್ತದೆ, ನಿಲ್ಲಿಸಬೇಕೋ ಇನ್ನೂ ಮುಂದೆ ಹೋಗಬೇಕೋ ತೀರ್ಮಾನಿಸಬೇಕು. ಒಬ್ಬರೇ ಆಡಿದಾಗ ಹದಿಹರೆಯದವರೂ ದೊಡ್ಡವರೂ ಹೆಚ್ಚುಕಡಿಮೆ ಒಂದೇ ಥರ ಆಡಿದರು. ಗೆಳೆಯರು ಪಕ್ಕದಲ್ಲಿ ನಿಂತಾಗ 13ರಿಂದ 16ರ ವಯಸ್ಸಿನವರು ಅಪಾಯಕ್ಕೆ ಕೈ ಹಾಕುವುದು ಸುಮಾರು ಎರಡು ಪಟ್ಟು ಆಯಿತು. 24 ದಾಟಿದವರಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. ಒಬ್ಬನೇ ಇದ್ದಾಗ ಎಮ್ಮೆ ಅಡ್ಡ ಬಂದರೆ ಬ್ರೇಕ್ ಹಾಕುವ ಹುಡುಗ ಹಿಂದೆ ಇಬ್ಬರು ಕೂತಾಗ ಯಾಕೆ ಎಮ್ಮೆಯ ಬಾಲ ಸವರಿಕೊಂಡು ಹೋಗುತ್ತಾನೆ ಅನ್ನೋದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕೇ?

ಇದರಿಂದ ಮನೆಯವರು ಮಾಡಬೇಕಾದದ್ದು ಎರಡು. ಒಂದು, ತಪ್ಪು ಕಂಡರೆ ಅಲ್ಲೇ ಬಾಯಿ ಬಿಡಬೇಡಿ. "ಇಲ್ಲಿ ಬಾ ತಮ್ಮಾ, ಸ್ವಲ್ಪ ಕೆಲಸೈತಿ" ಎಂದು ಪಕ್ಕಕ್ಕೆ ಕರೆಯಿರಿ. ತಂಗಿ–ತಮ್ಮನ ಮುಂದೆಯೂ ಬೇಡ. ಅವರೂ ಪ್ರೇಕ್ಷಕರೇ.

ಎರಡನೆಯದು ಸ್ವಲ್ಪ ಕಷ್ಟ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಗೃಹಪ್ರವೇಶದಲ್ಲಿ ಬೀಗರು, ದೊಡ್ಡಪ್ಪ, ಅತ್ತೆ ಎಲ್ಲರೂ ಸೇರಿ ಕೇಳುತ್ತಾರೆ. "ಎಷ್ಟ ಬಿದ್ದಾವ ಮಾರ್ಕ್ಸ್?" "ನಮ್ಮ ಹುಡುಗಂದು ತೊಂಬತ್ತೆರಡು ಪರ್ಸೆಂಟ್ ಆತ್ ನೋಡು." ಆಗ ನೀವು ಯಾರ ಕಡೆ ನಿಲ್ಲುತ್ತೀರಿ ಎಂದು ಮಗ ನೋಡುತ್ತಿರುತ್ತಾನೆ. ದೊಡ್ಡವರಿಗೆ ಎದುರಾಡಬೇಕಿಲ್ಲ. "ಓದಾಕತ್ತಾನ್ರೀ, ಚಲೋ ಓದಾಕತ್ತಾನ. ಊಟ ಆತೇನ್ರಿ ನಿಮ್ದು?" ಎಂದು ಮಾತು ತಿರುಗಿಸಿದರೆ ಮುಗಿಯಿತು. ಅದೇ ಜಾಗದಲ್ಲಿ "ಎಲ್ಲೀದು ಬಿಡ್ರಿ, ಇವಂಗ ತಲೀನ ಇಲ್ಲ" ಎಂದು ನಕ್ಕರೆ ಆ ನಗು ಅವನ ಕಿವಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಶಾಲೆ ಬಿಟ್ಟು ಎಷ್ಟೋ ವರ್ಷ ಆದವರು ಬಂದು ಮಾತಾಡುವಾಗ ಹೊಡೆತ ತಿಂದದ್ದನ್ನು ಮರೆತಿರುತ್ತಾರೆ. ಇಂಥದ್ದನ್ನು ಮರೆತಿರುವುದಿಲ್ಲ.

ಮಾತಿಗೆ ಜಾಗ ಹುಡುಕಿ

"ಕುಂದ್ರು, ನಿನ್ ಕೂಡ ಮಾತಾಡೋದೈತಿ" ಅಂದ ಕೂಡಲೇ ಮಕ್ಕಳ ಮುಖ ಮುಚ್ಚಿಕೊಳ್ಳುತ್ತದೆ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಈ ವಯಸ್ಸಿಗೆ ವಿಚಾರಣೆ ಇದ್ದಂತೆ. ಇಬ್ಬರೂ ಒಂದೇ ಕಡೆ ಮುಖ ಮಾಡಿ, ಕೈಯಲ್ಲಿ ಬೇರೆ ಏನೋ ಕೆಲಸ ಇದ್ದಾಗ ಮಾತು ತಾನಾಗಿ ಬರುತ್ತದೆ. ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕಾಯಿಪಲ್ಲೆ ಹೆಚ್ಚುವುದು, ಅಪ್ಪ ಮಗ್ಗಕ್ಕೆ ಕಂಡಿಕೆ ಹಾಕುವಾಗ ಜೊತೆಗಿರುವುದು, ಸಂತೆಗೆ ಬೈಕಿನಲ್ಲಿ ಹಿಂದೆ ಕೂತು ಹೋಗುವುದು. ಕೋಣೆ ಇಲ್ಲದ ಮನೆಯಲ್ಲಿ ಇಂಥ ಜಾಗಗಳೇ ಕೋಣೆ.

ಕಬ್ಬಿನ ಹೊಲವಿದ್ದವರಿಗೆ ಇನ್ನೊಂದು ಅನುಕೂಲ ಇದೆ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ನೀರು ಹಾಯಿಸಲು ಹೋಗಬೇಕು. ಶನಿವಾರ ರಾತ್ರಿ ಮಗನೂ ಜೊತೆಗೆ ಬರುತ್ತಾನೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಹೇಳಿದ ಮಾತುಕತೆ ಇದು. ಹೊಲದ ಬದುವಿನ ಮೇಲೆ, ಬ್ಯಾಟರಿ ಬೆಳಕಿನಲ್ಲಿ:

"ಸಾಲ್ಯಾಗ ಏನ್ ನಡದೈತೋ?"

"ಏನಿಲ್ಲ."

ಅಪ್ಪ ಸುಮ್ಮನಾದ. ಮಡಿ ತಿರುವಿದ. ಇನ್ನೊಂದು ಸಾಲಿಗೆ ನೀರು ಹೋಯಿತು. ಹತ್ತು ನಿಮಿಷ ಆಗಿರಬಹುದು.

"ಅಪ್ಪಾ, ಗಣಿತ ತಿಳಿವಲ್ದು."

"ಯಾವಾಗಿಂದ?"

"ದೀಪಾವಳಿ ಸೂಟಿ ಆದಾಗಿಂದ."

"ಹೂಂ."

"ಕೇಳಿದ್ರ ಎಲ್ಲಾರೂ ನಗತಾರ."

ಇಲ್ಲಿ ಕೆಲಸ ಮಾಡಿದ್ದು ಆ "ಹೂಂ". ನಮ್ಮಲ್ಲಿ ಹೆಚ್ಚಿನವರು ಅದರ ಜಾಗದಲ್ಲಿ "ಅದಕ್ಕ ಮೊಬೈಲ್ ನೋಡಬ್ಯಾಡ ಅಂತ ಬಡಕೊಳ್ಳೋದು" ಎಂದು ಶುರು ಮಾಡುತ್ತಿದ್ದೆವು. ಆಗ ನಗುವವರ ವಿಷಯ ಹೊರಗೆ ಬರುತ್ತಲೇ ಇರಲಿಲ್ಲ. ಗಣಿತ ಕಷ್ಟ ಆಗಿದ್ದಕ್ಕಿಂತ ಪ್ರಶ್ನೆ ಕೇಳಿದರೆ ನಗುತ್ತಾರೆಂಬ ಹೆದರಿಕೆ ದೊಡ್ಡದಿತ್ತು. ಅಪ್ಪ ಅದನ್ನು ನನಗೆ ಹೇಳಿದ್ದರಿಂದ ಹುಡುಗನನ್ನು ಊಟದ ಬಿಡುವಿನಲ್ಲಿ ಬೇರೆ ಕೂಡ್ರಿಸಿ ಕಲಿಸಲು ದಾರಿಯಾಯಿತು.

ಇದನ್ನು ರೂಢಿ ಮಾಡಿಕೊಳ್ಳುವುದು ಸುಲಭ. ಒಂದು ಪ್ರಶ್ನೆ ಕೇಳಿ, "ಏನಿಲ್ಲ" ಬಂದರೆ ಬಿಟ್ಟುಬಿಡಿ. ಮಾತು ಬಂದರೆ ಮೊದಲ ಎರಡು ಸಲ "ಹೂಂ", "ಆಮ್ಯಾಲೆ?" ಇಷ್ಟೇ ಅನ್ನಿ. ಪರಿಹಾರ ಹೇಳುವ ಮೊದಲು "ನಾ ಏನರ ಮಾಡಬೇಕಾ, ಸುಮ್ನ ಕೇಳಿದ್ರ ಸಾಕಾ?" ಎಂದು ಕೇಳಿ. ಅವರು ನಂಬಿ ಹೇಳಿದ್ದನ್ನು ಮರುದಿನ ಜಗಳದಲ್ಲಿ ತೆಗೆಯಬೇಡಿ. ಒಮ್ಮೆ ತೆಗೆದರೆ ಮುಂದೆ ಹೊಲಕ್ಕೂ ಬರುವುದಿಲ್ಲ.

ಎದುರು ಮಾತಾಡಿದರೆ

ಹನ್ನೊಂದು, ಹನ್ನೆರಡರ ನಂತರ ಮಕ್ಕಳಿಗೆ ಕಣ್ಣೆದುರು ಇಲ್ಲದ್ದನ್ನೂ ಯೋಚಿಸಲು ಬರುತ್ತದೆ. "ಹೀಗಾದ್ರೆ ಏನು, ಹಾಗಾದ್ರೆ ಏನು" ಎಂದು ಲೆಕ್ಕ ಹಾಕುವ ಶಕ್ತಿ ಇದು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ಬುದ್ಧಿ ಬೆಳೆಯುವ ಹಂತಗಳನ್ನು ಗುರುತಿಸಿದಾಗ ಇದನ್ನೇ ಕೊನೆಯ ಹಂತವಾಗಿ ಇಟ್ಟರು. ಬೀಜಗಣಿತ ಅರ್ಥವಾಗಲು ಬೇಕಾದದ್ದು ಇದೇ ಶಕ್ತಿ. ನಿಮ್ಮ ಮಾತಿನಲ್ಲಿ ತೂತು ಹುಡುಕಲು ಬಳಸುವುದೂ ಇದನ್ನೇ. "ನೀವು ದಿನಾ ತಂಬಾಕ ಹಾಕ್ತೀರಿ, ನನಗ ಗುಟ್ಕಾ ಬ್ಯಾಡ ಅಂತೀರಿ" ಎಂದು ಮಗ ಅಂದರೆ ಅದು ಉದ್ಧಟತನ ಅನಿಸಬಹುದು. ತರ್ಕ ಮಾತ್ರ ಸರಿಯಾಗಿಯೇ ಇದೆ. "ಹೌದು, ನನಗೂ ಬಿಡಾಕ ಆಗವಲ್ದು, ಅದಕ್ಕ ನಿನಗ ಬ್ಯಾಡ ಅನ್ನಾಕತ್ತೀನಿ" ಎಂಬ ಉತ್ತರಕ್ಕಿರುವ ತೂಕ ಕಪಾಳಕ್ಕೆ ಕೊಟ್ಟ ಏಟಿಗೆ ಇಲ್ಲ.

ಎಲ್ಲಕ್ಕೂ ಚೌಕಾಸಿ ಮಾಡಬೇಕಿಲ್ಲ. ಯಾವುದು ಮಾತಿಗೆ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂದು ತಣ್ಣಗಿರುವ ಒಂದು ದಿನ ಮೊದಲೇ ಹೇಳಿಡಿ. ತಲೆಗೂದಲು, ಅಂಗಿಯ ಬಣ್ಣ, ಯಾವಾಗ ಓದುವುದು, ಯಾವ ಗೆಳೆಯನ ಜೊತೆ ಜಾತ್ರೆಗೆ ಹೋಗುವುದು ಇವೆಲ್ಲ ಬಗ್ಗಲಿ. ಕುಡಿತ, ಗುಟ್ಕಾ, ಹೇಳದೆ ರಾತ್ರಿ ಹೊರಗೆ ಇರುವುದು, ಬೈಕು ಇವು ಬಗ್ಗುವುದು ಬೇಡ.

ಬೈಕಿನ ಬಗ್ಗೆ ಒಂದೆರಡು ಮಾತು ಜಾಸ್ತಿ ಹೇಳಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರು ಅಥವಾ ಗಾಡಿಯ ಮಾಲೀಕರೇ ಹೊಣೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಷ್ಟೆಲ್ಲ ಇದ್ದರೂ ಹೊಲಕ್ಕೆ ಬುತ್ತಿ ಒಯ್ಯಲು ಅಪ್ಪನೇ ಕೀಲಿ ಕೊಡುತ್ತಾನೆ. ಸಂಜೆ ಅದೇ ಗಾಡಿಯಲ್ಲಿ ಗೆಳೆಯರ ಜೊತೆ ಹೊರಟರೆ ಬೈಯುತ್ತಾನೆ. ಬುತ್ತಿಗೆ ಸರಿ, ಗೆಳೆಯರಿಗೆ ತಪ್ಪು ಅಂದರೆ ಯಾವ ಹುಡುಗನೂ ಅದನ್ನು ನಿಯಮ ಎಂದು ಒಪ್ಪುವುದಿಲ್ಲ. ಬುತ್ತಿ ಸೈಕಲ್ ಮೇಲೆ ಹೋಗಲಿ.

ಮೊಬೈಲಿನದೂ ಹೀಗೇ. ಎಷ್ಟು ಹೊತ್ತು, ಎಲ್ಲಿ ಕೂತು, ರಾತ್ರಿ ಎಲ್ಲಿ ಚಾರ್ಜಿಗೆ ಎಂಬ ಮೂರನ್ನು ಮಗನ ಕೈಯಿಂದಲೇ ಬರೆಸಿ ಗೋಡೆಗೆ ಅಂಟಿಸಿ. ತಾನೇ ಬರೆದದ್ದನ್ನು ಮುರಿಯಲು ಮನಸ್ಸು ಸ್ವಲ್ಪ ಹಿಂಜರಿಯುತ್ತದೆ. ಜಗಳದ ನಡುವೆ ಕಸಿದುಕೊಂಡು ಒಡೆದುಹಾಕಿದವರು ಆಮೇಲೆ ಕಂತಿನ ಮೇಲೆ ಇನ್ನೊಂದು ಕೊಡಿಸಿದ್ದನ್ನೂ ಕಂಡಿದ್ದೇನೆ.

ಹೆಣ್ಣುಮಕ್ಕಳಿದ್ದರೆ

ಹುಡುಗರಿಗೆ ಹದಿಹರೆಯ ಬಂದರೆ ಊರು ದೊಡ್ಡದಾಗುತ್ತದೆ, ಹುಡುಗಿಯರಿಗೆ ಬಂದರೆ ಸಣ್ಣದಾಗುತ್ತದೆ. ದೊಡ್ಡವಳಾದಳು ಅಂದ ಕೂಡಲೇ ಓಣಿಯಲ್ಲಿ ಆಡುವುದು ನಿಲ್ಲುತ್ತದೆ, ಸೈಕಲ್ ನಿಲ್ಲುತ್ತದೆ, ನಗು ಜೋರಾದರೆ ಯಾರೋ ಗದರುತ್ತಾರೆ. ಒಳಗಿನ ಮನಸ್ಸು ಮಾತ್ರ ಹುಡುಗನದರಷ್ಟೇ ವೇಗದಲ್ಲಿ ಓಡುತ್ತಿರುತ್ತದೆ. "ನಾನು ಯಾರು, ಏನಾಗಬೇಕು" ಎಂದು ಹುಡುಕುವುದೇ ಈ ವಯಸ್ಸಿನ ದೊಡ್ಡ ಕೆಲಸ ಎಂದು ಎರಿಕ್ ಎರಿಕ್ಸನ್ ಎಂಬ ಮನೋವಿಶ್ಲೇಷಕರು ಹೇಳಿದ್ದರು. ಆ ಹುಡುಕಾಟ ಶುರುವಾಗುವ ಹೊತ್ತಿಗೇ ನಮ್ಮ ಮನೆಗಳಲ್ಲಿ ಉತ್ತರ ತಯಾರಿರುತ್ತದೆ.

"ನಿನಗೇನ್ ಬೇ, ಸೋದರಮಾವ ಅದಾನ." ಇದು ಹಬ್ಬದ ದಿನ ಚಿಕ್ಕಮ್ಮ ಮಾಡುವ ತಮಾಷೆ. ಎಲ್ಲರೂ ನಗುತ್ತಾರೆ. ಒಂಬತ್ತನೇ ತರಗತಿಯ ಹುಡುಗಿ ತಲೆ ಬಗ್ಗಿಸಿ ಒಳಗೆ ಹೋಗುತ್ತಾಳೆ, ನಾಚಿಕೆ ಎಂದುಕೊಳ್ಳುತ್ತಾರೆ. ಚಲೋ ಓದುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಹೋಮ್‌ವರ್ಕ್ ಬಿಟ್ಟರೆ ನಾನು ಮೊದಲು ವಿಚಾರಿಸುವುದು ಮನೆಯಲ್ಲಿ ಮದುವೆ ಮಾತು ಎದ್ದಿದೆಯೇ ಎಂದು. ಓದಿ ಏನು ಉಪಯೋಗ ಎಂದು ಅವಳ ತಲೆ ಲೆಕ್ಕ ಹಾಕಿ ಮುಗಿಸಿರುತ್ತದೆ. ಹಾಗಾಗಿ ಅವಳು ಕೇಳುವಂತೆ ಇನ್ನೊಂದು ಮಾತು ಆಡಿ: "ಪಿಯುಸಿಗೆ ಯಾವ ಕಾಲೇಜ್ ನೋಡೂಣು?" ಈ ಒಂದು ಮಾತಿನಿಂದ ಅಂಕ ಏರಿದ್ದುಂಟು.

18 ತುಂಬದ ಹುಡುಗಿಯ ಮದುವೆ ಅಪರಾಧ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮದುವೆಯೇ ಅಲ್ಲ. ಯಾರಾದರೂ ಒತ್ತಾಯಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹುಡುಗಿಯೇ ಫೋನ್ ಮಾಡಬಹುದು, ಗೆಳತಿಯೂ ಮಾಡಬಹುದು.

ಮುಟ್ಟಿನ ಬಗ್ಗೆ ಮೊದಲ ಸಲ ಆಗುವ ಮೊದಲೇ ಹೇಳಿ. ಹತ್ತನೇ ವಯಸ್ಸು ಬೇಗ ಅಲ್ಲ. ಮಗನಿಗೂ ಹೇಳಿ, ಅಕ್ಕನ ಹೊಟ್ಟೆನೋವಿಗೆ ಅವನು ನಗುವುದು ನಿಲ್ಲುತ್ತದೆ.

ನೋಟ್‌ಬುಕ್ಕಿನಲ್ಲಿ ಒಂದು ಚೀಟಿ ಸಿಕ್ಕರೆ ಮನೆಯಲ್ಲಿ ಆಕಾಶ ಕಳಚಿ ಬೀಳುತ್ತದೆ. ಆ ದಿನ ಏನೂ ತೀರ್ಮಾನ ಮಾಡಬೇಡಿ. ಶಾಲೆ ಬಿಡಿಸುವ ತೀರ್ಮಾನ ಅಂತೂ ಬೇಡ. ಆಕರ್ಷಣೆ ಈ ವಯಸ್ಸಿಗೆ ಸಹಜ ಎಂದು ಒಪ್ಪಿಕೊಂಡು ಎರಡು ದಿನ ಬಿಟ್ಟು ಅವ್ವನೋ ಅಕ್ಕನೋ ಮಾತಾಡಲಿ. ಯಾರಾದರೂ ಹೆದರಿಸುತ್ತಿದ್ದಾರೆಯೇ, ಫೋಟೊ ಕೇಳುತ್ತಿದ್ದಾರೆಯೇ, ಹುಡುಗ ದೊಡ್ಡ ವಯಸ್ಸಿನವನೇ ಎಂಬ ಮೂರು ಮುಖ್ಯ. ಇವುಗಳಲ್ಲಿ ಒಂದು ಹೌದಾದರೂ ಅದು ಪ್ರೀತಿಯ ವಿಷಯ ಅಲ್ಲ, ರಕ್ಷಣೆಯ ವಿಷಯ.

ರಿಸಲ್ಟ್ ದಿನಕ್ಕೆ ಮೊದಲೇ ತಯಾರಾಗಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮನೆಯ ಎಲ್ಲರ ತಲೆಯೂ ಬಿಸಿ. ಹಾಗಾಗಿ ಆ ದಿನದ ಮಾತನ್ನು ಒಂದು ವಾರ ಮೊದಲೇ ಆಡಿ ಮುಗಿಸಿ. "ಎಷ್ಟರ ಬರ್ಲಿ, ಅವತ್ತ ಮನ್ಯಾಗ ಯಾರೂ ಬೈಯಂಗಿಲ್ಲ. ಮುಂದಿಂದು ಮೂರು ದಿನ ಬಿಟ್ಟು ನೋಡೂಣು." ಅಪ್ಪ ಇದನ್ನು ಬಾಯಿಬಿಟ್ಟು ಹೇಳಬೇಕು, ಅವ್ವನ ಕಡೆಯಿಂದ ಹೇಳಿ ಕಳಿಸಿದರೆ ಸಾಲದು.

2024ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶಗಳು ಬಂದಿವೆ. ಹೋದದ್ದು ಒಂದು ವಿಷಯವಾದರೆ ಅದೇ ವರ್ಷ ತೆಗೆದುಕೊಳ್ಳಲು ದಾರಿಯಿದೆ. ಇದನ್ನು ಮಕ್ಕಳು ಶಾಲೆಯಲ್ಲಿ ಕೇಳಿರುತ್ತಾರೆ, ಹೆದರಿಕೆಯಲ್ಲಿ ಮರೆಯುತ್ತಾರೆ. ಆ ವಾರ ಮತ್ತೆ ನೆನಪಿಸಿ. ಫಲಿತಾಂಶದ ದಿನ, ಮರುದಿನ ಮಗನನ್ನು ಒಬ್ಬನೇ ಮನೆಯಲ್ಲಿ ಬಿಟ್ಟು ಹೊಲಕ್ಕೆ ಹೋಗಬೇಡಿ.

ಪಿಯುಸಿಗೆ ಸೈನ್ಸೇ ಆಗಬೇಕು, ಧಾರವಾಡಕ್ಕೇ ಹೋಗಬೇಕು, ನೀಟ್ ಕೋಚಿಂಗೇ ಆಗಬೇಕು ಎಂಬ ತೀರ್ಮಾನಗಳನ್ನು ಸಾಲ ಮಾಡುವ ಮೊದಲು ಮಕ್ಕಳ ಜೊತೆ ತಣ್ಣಗೆ ಕೂತು ಮಾತಾಡಿ. 16ರ ಹೊತ್ತಿಗೆ ಅಷ್ಟು ಯೋಚಿಸುವ ಶಕ್ತಿ ಅವರಿಗೆ ಬಂದಿರುತ್ತದೆ. ಕೇಳಿದವರು ಕಡಿಮೆ, ಅಷ್ಟೇ.

ಇದು ವಯಸ್ಸಿನದಲ್ಲ ಅನಿಸಿದಾಗ

ಸಿಡುಕು, ಬಾಗಿಲು ಬಡಿಯುವುದು, ಒಂದು ದಿನ ಅಳುವುದು, ಮರುದಿನ ಹಾಡುವುದು ಇವು ವಯಸ್ಸಿನವು. ಎರಡು ವಾರ ದಾಟಿದರೂ ಮಂಕಾಗಿಯೇ ಇರುವುದು, ಇಷ್ಟದ ಆಟ–ಗೆಳೆಯರನ್ನೂ ಬಿಡುವುದು, ಊಟ–ನಿದ್ದೆ ಪೂರ್ತಿ ಬದಲಾಗುವುದು, ಕೈ ಕೊಯ್ದುಕೊಂಡ ಗುರುತು ಕಾಣುವುದು, ಪ್ರೀತಿಯ ವಸ್ತುಗಳನ್ನು ಯಾರಿಗಾದರೂ ಕೊಟ್ಟುಬಿಡುವುದು, "ನಾ ಇರಬಾರದಿತ್ತು" ಅನ್ನುವುದು ಇವು ಬೇರೆ. ಆಗ ನೇರವಾಗಿ ಕೇಳಿ: "ಸಾಯಬೇಕು ಅನ್ನೂ ವಿಚಾರ ಬರತೈತೇನು?" ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬುದು ಸುಳ್ಳು. ಕೇಳಿದರೆ ಹೆಚ್ಚಿನವರಿಗೆ ಹಗುರಾಗುತ್ತದೆ.

ರೈತರ ಮನೆಯವರು ಮಾಡಲೇಬೇಕಾದ ಕೆಲಸ ಒಂದಿದೆ. ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಹೆಚ್ಚಿನ ಮನೆಗಳಲ್ಲಿ ದನದ ಕೊಟ್ಟಿಗೆಯ ಗೂಡಿನಲ್ಲೋ ಮಂಚದ ಕೆಳಗೋ ಇರುತ್ತದೆ. ಅದನ್ನು ಇವತ್ತೇ ತೆಗೆದು ಕೀಲಿ ಹಾಕಿದ ಪೆಟ್ಟಿಗೆಯಲ್ಲಿಡಿ, ಕೀಲಿ ದೊಡ್ಡವರ ಹತ್ತಿರ ಇರಲಿ. ಉಳಿದದ್ದನ್ನು ಮನೆಗೆ ತರಲೇಬೇಡಿ. ತಲೆ ಬಿಸಿಯಾದ ಹೊತ್ತು ಬಹಳ ಸಲ ಕೆಲವೇ ನಿಮಿಷದ್ದು. ಆ ನಿಮಿಷಗಳಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಸಹಾಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಖರ್ಚಿಲ್ಲದೆ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್ ಇರುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಸಾಮಾನ್ಯವಾಗಿ ಮಂಗಳವಾರ. ಹೋಗುವ ಮೊದಲು ಯಾವ ವಾರ ಬರುತ್ತಾರೆಂದು ಫೋನ್ ಮಾಡಿ ವಿಚಾರಿಸಿ. ಅಲ್ಲಿಂದ ಮುಂದೆ ಕಳಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಮಗೆ ಹತ್ತಿರ.

ಹೋಗುವಾಗ ವಾರದ ಗುರುತು ಹಾಕಿದ ಕ್ಯಾಲೆಂಡರ್ ಹಾಳೆ ತೆಗೆದುಕೊಂಡು ಹೋಗಿ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆಗಳು ನಿದ್ದೆ, ಊಟ, ಎಷ್ಟು ದಿನದಿಂದ ಎಂಬುವೇ. ಮಗನಿಗೆ ಅಥವಾ ಮಗಳಿಗೆ ಎಲ್ಲಿಗೆ ಹೋಗುತ್ತಿದ್ದೇವೆಂದು ಮನೆಯಲ್ಲೇ ಹೇಳಿ ಕರೆದೊಯ್ಯಿರಿ, ಸಂತೆಗೆ ಎಂದು ಸುಳ್ಳು ಹೇಳಬೇಡಿ. ಒಳಗೆ ಹೋದ ಮೇಲೆ ಡಾಕ್ಟರ್ ಹೇಳುವುದನ್ನು ಕಾಯದೆ ನೀವೇ ಎದ್ದು ಸ್ವಲ್ಪ ಹೊತ್ತು ಹೊರಗಿನ ಬೆಂಚಿನ ಮೇಲೆ ಕೂಡ್ರಿ.